ನಮ್ಮ ತಾರಸಿಯ ಮೇಲಿನ ಕೆರೆಯ ಬಗ್ಗೆ ಉಪಗ್ರಹ ಮಹಾಶಯರಿಗೊಂದು ಅಹವಾಲು

ಮೋಡಗಳಿಗಿಂತ ಮೇಲೆ, ವಿಮಾನಗಳಿಗಿಂತ ಮೇಲೆ, ನಮ್ಮ ಅತ್ತೆಯವರ ರಕ್ತದೊತ್ತಡಕ್ಕಿಂತಲೂ ಮೇಲೆ ವಿರಾಜಮಾನರಾಗಿರುವ ಮಾನ್ಯ ಭೂವೀಕ್ಷಣಾ ಉಪಗ್ರಹ ಮಹಾಶಯರೇ,

ತಮಗೂ ತಮ್ಮ ಸೌರಫಲಕಗಳಿಗೂ ಅನಂತ ವಂದನೆಗಳು. ತಾವು ಸುಖವಾಗಿ ಸುತ್ತುತ್ತಿದ್ದೀರಿ ಎಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ. ತಮ್ಮ ದಾಖಲೆಯ ಪ್ರಕಾರ ನಾನು, ನನ್ನ ಗಂಡ, ಅತ್ತೆ ಮತ್ತು ಎಂಟು ತಿಂಗಳ ಮಗಳು ಈ ಬೇಸಿಗೆಯ ಆರಂಭದಿಂದ ಒಂದು ಕೆರೆಯ ತಳದಲ್ಲಿ ವಾಸವಾಗಿದ್ದೇವೆ, ಆದರೂ ಕ್ಷೇಮ. ಕೆರೆಯ ತಳದಲ್ಲಿ ಗ್ಯಾಸ್ ಒಲೆ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ನಲ್ಲಿಯಲ್ಲಿ ಮಾತ್ರ ನೀರು ಬರುವುದಿಲ್ಲ.

ನನ್ನ ಪರಿಚಯ ತಮಗೆ ಇರಲಾರದು. ನಾನು ಕಣ್ಣಿನ ಪರೀಕ್ಷೆ ಮಾಡುವವಳು. ಕನ್ನಡಕದ ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಜನರನ್ನು ಕೂರಿಸಿ, ಗಾಜು ಬದಲಿಸುತ್ತಾ, ‘ಈಗ ಚೆನ್ನಾಗಿ ಕಾಣ್ತಿದೆಯಾ, ಆಗ ಕಾಣ್ತಿತ್ತಾ’ ಎಂದು ಕೇಳುವುದೇ ನನ್ನ ಕಸುಬು. ಸದ್ಯ ಹೆರಿಗೆ ರಜೆಯಲ್ಲಿದ್ದೇನೆ. ಮಲಗಿಸಿದ ಜಾಗದಲ್ಲೇ ಗಿರಗಿರ ತಿರುಗುವುದರಿಂದ ಮಗಳಿಗೆ ಬುಗುರಿ ಎಂದು ಹೆಸರು ಬಿದ್ದಿದೆ. ಅವಳನ್ನು ಹೆಗಲಿಗೆ ಹಾಕಿಕೊಂಡು ಸೋಫಾದಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಸೋಫಾಗೆ ನಾನೂ ಒಂದು ಸಣ್ಣ ಕಕ್ಷೆಯಲ್ಲಿ ಸುತ್ತುತ್ತಿರುತ್ತೇನೆ. ತಾವೂ ನಿದ್ದೆ ಮಾಡುವವರಲ್ಲ, ನಾನೂ ಅಲ್ಲ. ಈ ಒಂದು ಸಮಾನತೆಯ ಸಲಿಗೆಯಿಂದಲೇ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ. ವ್ಯತ್ಯಾಸವೆಂದರೆ, ತಾವು ಸುತ್ತುವಾಗ ತಮ್ಮ ಬೆನ್ನಿನ ಮೇಲೆ ಯಾರೂ ಹಾಲು ಕಕ್ಕುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ತಮ್ಮ ವಿರೋಧಿಯಲ್ಲ. ಹಿಂದೊಮ್ಮೆ ಸಮುದ್ರದಲ್ಲಿ ಚಂಡಮಾರುತ ಎದ್ದಾಗ, ಆಕಾಶ ತಿಳಿಯಾಗಿ ನಗುತ್ತಿರುವಾಗಲೇ, ದಡದಲ್ಲಿರುವ ನನ್ನ ಚಿಕ್ಕಮ್ಮನಿಗೆ ತಮ್ಮ ವಂಶದವರು ಮನೆ ಬಿಡಲು ಹೇಳಿದ್ದರಿಂದ ಅವಳೂ ಅವಳ ಬೆಕ್ಕೂ ಇಂದಿಗೂ ನಮ್ಮನ್ನೆಲ್ಲ ಬೈಯುವಷ್ಟು ಆರೋಗ್ಯವಾಗಿದ್ದಾರೆ. ಎಲ್ಲೋ ಕಾಡಿಗೆ ಬೆಂಕಿ ಬಿದ್ದರೆ, ಎಲ್ಲೋ ಹಿಮ ಕರಗಿದರೆ, ಯಾರೋ ಕೆರೆ ನುಂಗಿದರೆ ತಮಗೆ ಮೊದಲು ತಿಳಿಯುತ್ತದೆ. ಅಷ್ಟು ಎತ್ತರದಿಂದ ತಾವು ನಮ್ಮ ಒಂದೊಂದು ತಾರಸಿಯನ್ನೂ ನೋಡುತ್ತೀರಿ. ನನ್ನ ಗಂಡನಿಗೆ ಕಣ್ಣೆದುರಿನ ಒಲೆಯ ಮೇಲೆ ಹಾಲು ಉಕ್ಕುವುದು ಕಾಣುವುದಿಲ್ಲ. ಅವರ ಕಣ್ಣನ್ನು ನಾನೇ ಪರೀಕ್ಷಿಸಿದ್ದೇನೆ, ಏನೂ ದೋಷವಿಲ್ಲ. ಆದ್ದರಿಂದ ತಮ್ಮ ಮೇಲೆ ನನಗಿರುವ ಗೌರವ ಎಂಥದ್ದೆಂದು ತಾವೇ ಊಹಿಸಬಹುದು.

ಆದರೆ ಮಹಾಶಯರೇ, ನೋಡುವುದು ಬೇರೆ, ನೋಡಿದ್ದು ಏನು ಎಂದು ಹೇಳುವುದು ಬೇರೆ. ನಮ್ಮ ಅಂಗಡಿಗೆ ಬರುವವರಲ್ಲೂ ಎಷ್ಟೋ ಜನ ಕೊನೆಯ ಸಾಲಿನವರೆಗೆ ಅಕ್ಷರಗಳನ್ನೆಲ್ಲ ಫಟಾಫಟ್ ಓದಿ, ಹೊರಗೆ ಹೋಗುವಾಗ ಗಾಜಿನ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಾರೆ.

ಸಂಗತಿ ಇಷ್ಟು. ನಮ್ಮ ಬೀದಿ ಊರಿನ ದಿಬ್ಬದ ನೆತ್ತಿಯ ಮೇಲಿದೆ. ಇಲ್ಲಿನ ಎಲ್ಲ ಮನೆಗಳನ್ನೂ ಒಬ್ಬನೇ ಮೇಸ್ತ್ರಿ ಕಟ್ಟಿದ್ದರಿಂದ ಎಲ್ಲ ಮನೆಗಳೂ ಒಂದೇ ಮೂಲೆಯಲ್ಲಿ ಸೋರುತ್ತವೆ. ಈ ವಿಷಯದಲ್ಲಿ ನಮ್ಮಲ್ಲಿರುವಂಥ ಐಕ್ಯ ಬೇರೆಲ್ಲೂ ಸಿಗಲಾರದು. ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಅತ್ತೆಯವರು ಬೀದಿಯ ಹೆಂಗಸರನ್ನೆಲ್ಲ ಸೇರಿಸಿ, ಒಬ್ಬೊಬ್ಬರು ಒಂದೊಂದು ಬಣ್ಣದ್ದು ತಂದರೆ ಬೀದಿ ಸರ್ಕಸ್ ಡೇರೆಯ ಹಾಗೆ ಕಾಣುತ್ತದೆಂದು ವಾದಿಸಿ, ಒಂದೇ ಅಂಗಡಿಯಿಂದ ಒಂದೇ ನೀಲಿ ಬಣ್ಣದ ಟಾರ್ಪಾಲು ತರಿಸಿ, ಎಲ್ಲ ತಾರಸಿಗಳಿಗೂ ಹೊದಿಸಿದರು. ಮಳೆಗಾಲ ಮುಗಿದ ಮೇಲೂ ಅದನ್ನು ಯಾರೂ ತೆಗೆಯಲಿಲ್ಲ. ಬಿಸಿಲಿಗೂ ಆಯಿತು, ಮುಂದಿನ ಮಳೆಗೂ ಆಯಿತು ಎಂದು ಬಿಟ್ಟೆವು. ಮೇಲಿನಿಂದ ನೋಡಿದ ತಮಗೆ ಆ ನೀಲಿ ಸಾಲು ನೀರಾಗಿ ಕಂಡಿತು. ಕಂಡದ್ದೇ ತಡ, ವಿಪತ್ತು ನಿರ್ವಹಣಾ ಕಚೇರಿಯ ನಕ್ಷೆಯಲ್ಲಿ ನಮ್ಮ ಬೀದಿ ಅಳಿಸಿಹೋಗಿ ಅಲ್ಲೊಂದು ಉದ್ದನೆಯ ಕೆರೆ ಹುಟ್ಟಿಕೊಂಡಿತು. ಸಾಲದ್ದಕ್ಕೆ ನಮ್ಮ ತಾರಸಿಯ ಮೇಲೆ ಒಣಗಲು ಹರಡಿದ ಬುಗುರಿಯ ನ್ಯಾಪಿಗಳು ಬಿಳಿ ಚುಕ್ಕೆಗಳಾಗಿ ಕಂಡು, ‘ಕೆರೆಯಲ್ಲಿ ಜಲಪಕ್ಷಿಗಳು ನೆಲೆಸಿರುವ ಸಾಧ್ಯತೆ ಇದೆ, ಸಂಖ್ಯೆ ಏರುಮುಖವಾಗಿದೆ’ ಎಂಬ ಟಿಪ್ಪಣಿಯೂ ಸೇರಿತು. ಏರುಮುಖವಾಗಿದ್ದು ನಿಜ. ಆ ವಾರ ಮಗುವಿಗೆ ಹೊಟ್ಟೆ ಕೆಟ್ಟಿತ್ತು.

ಅಂದಿನಿಂದ ತಾವು ನಮ್ಮ ನೆತ್ತಿಯ ಮೇಲೆ ಹಾದುಹೋದ ದಿನವೆಲ್ಲ, ಬೆಳಗಿನ ಕೆಲಸ ಮುಗಿದು ಬುಗುರಿ ಇನ್ನೇನು ಕಣ್ಣು ಮುಚ್ಚಿದಳು ಎನ್ನುವ ಹೊತ್ತಿಗೆ ಸರಿಯಾಗಿ, ಮನೆಯಲ್ಲಿರುವ ಮೊಬೈಲುಗಳೆಲ್ಲ ಒಟ್ಟಿಗೆ ಸೈರನ್ನಿನ ಹಾಗೆ ಅರಚಿಕೊಳ್ಳುತ್ತವೆ. ‘ನಿಮ್ಮ ಬೀದಿಯಲ್ಲಿ ನೀರು ನಿಂತಿದೆ. ಕೂಡಲೇ ಎತ್ತರದ ಸ್ಥಳಕ್ಕೆ ತೆರಳಿ.’ ನಮಗಿಂತ ಎತ್ತರದಲ್ಲಿ ಇರುವುದು ಬೀದಿ ಕೊನೆಯ ನೀರಿನ ಟ್ಯಾಂಕು ಮತ್ತು ತಾವು, ಇಬ್ಬರೇ. ಟ್ಯಾಂಕಿನ ಏಣಿ ತುಕ್ಕು ಹಿಡಿದಿದೆ. ತಮ್ಮಲ್ಲಿಗೆ ಬರಲು ದಾರಿ ಯಾವುದೆಂದು ಸಂದೇಶದಲ್ಲಿ ತಿಳಿಸಿಲ್ಲ.

ಸೈರನ್ನಿಗೆ ನಾವು ಹೊಂದಿಕೊಂಡೆವು. ಬುಗುರಿ ಹೊಂದಿಕೊಳ್ಳಲಿಲ್ಲ. ಆಮೇಲೆ ಒಂದು ದಿನ ದೋಣಿ ಬಂತು.

ಅದೇನು ದೃಶ್ಯ ಅಂತೀರಿ! ತಲೆ ಸುಡುವ ಬಿಸಿಲಿನಲ್ಲಿ, ಧೂಳೇಳುವ ಬೀದಿಯಲ್ಲಿ, ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ತೊಟ್ಟ ರಕ್ಷಣಾ ಪಡೆಯವರು ಒಂದು ರಬ್ಬರ್ ದೋಣಿಯನ್ನೂ ನೀರೆತ್ತುವ ಪಂಪನ್ನೂ ಹೊತ್ತುಕೊಂಡು ದಿಬ್ಬ ಹತ್ತಿ, ಏದುಸಿರು ಬಿಡುತ್ತಾ ನಮ್ಮ ಗೇಟಿನ ಮುಂದೆ ನಿಂತರು. ಊರಿಗೆ ಇರುವುದು ಅದೊಂದೇ ದೋಣಿ, ಅದೊಂದೇ ಪಂಪು. ಅವರ ಮುಖಂಡರನ್ನು ಅತ್ತೆಯವರು ಮೊದಲ ನೋಟಕ್ಕೇ ಕ್ಯಾಪ್ಟನ್ ಎಂದು ಕರೆದುಬಿಟ್ಟರು, ಅವರೂ ಬೇಡವೆನ್ನಲಿಲ್ಲ. ‘ಅಮ್ಮಾ, ಕೆರೆ ಎಲ್ಲಿದೆ?’ ಎಂದು ಆ ಕ್ಯಾಪ್ಟನ್ ಬೆವರು ಒರೆಸಿಕೊಳ್ಳುತ್ತಾ ಕೇಳಿದ್ದಕ್ಕೆ ನಮ್ಮತ್ತೆ, ‘ಮೇಲಿದೆ. ಬೂಟ್ಸ್ ಬಿಚ್ಚಿ ಹತ್ತಪ್ಪ, ಮೆಟ್ಟಿಲು ಈಗಷ್ಟೇ ಒರೆಸಿದ್ದೀನಿ’ ಎಂದರು. ಅವರು ಹತ್ತಿದರು, ನ್ಯಾಪಿಗಳ ನಡುವೆ ನಿಂತು ನಾಲ್ಕೂ ದಿಕ್ಕು ನೋಡಿದರು, ಇಳಿದು ಬಂದು ಒಂದು ಲೋಟ ನೀರು ಕೇಳಿದರು. ‘ಇಷ್ಟು ದೊಡ್ಡ ಕೆರೇಲಿ ಕುಡಿಯೋಕೆ ಒಂದು ಲೋಟ ನೀರು ಸಿಗುತ್ತಾ ಅಂತ ನೋಡ್ತೀನಿ ತಾಳು’ ಎಂದು ಅತ್ತೆ ಒಳಗೆ ಹೋದರು.

ವಾಪಸ್ ಹೋಗಿ ಎಂದರೆ ಕ್ಯಾಪ್ಟನ್ ಒಪ್ಪಲಿಲ್ಲ. ‘ಇಲ್ಲ ತಾಯಿ, ಮಳೆಗಾಲ ಮುಗಿಯೋವರೆಗೂ ದೋಣಿ ಕೆರೆ ದಡದಲ್ಲೇ ಇರಬೇಕು ಅಂತ ಆರ್ಡರ್ ಆಗಿದೆ. ದಡ ಎಲ್ಲಿ ಅಂತ ನೀವೇ ತೋರಿಸಿ, ಅಲ್ಲಿಡ್ತೀನಿ’ ಎಂದರು. ಅತ್ತೆ ಗೇಟಿನ ಪಕ್ಕ, ನನ್ನ ಗಂಡ ಸ್ಕೂಟರ್ ನಿಲ್ಲಿಸುವ ಜಾಗ ತೋರಿಸಿದರು. ಅಂದಿನಿಂದ ಸ್ಕೂಟರ್ ಬೀದಿಪಾಲು.

ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನಿಜ ಹೇಳಬೇಕೆಂದರೆ ಸುಮ್ಮನಾಗುವುದಕ್ಕೆ ನನಗೆ ಬೇರೊಂದು ದೊಡ್ಡ ಕಾರಣವೂ ಇತ್ತು. ಸೈರನ್ನಿಗೆ ಎದ್ದು ಬೊಬ್ಬೆ ಹೊಡೆಯುತ್ತಿದ್ದ ಬುಗುರಿಯನ್ನು ನೋಡಿ ಕ್ಯಾಪ್ಟನ್, ‘ಒಂದ್ನಿಮಿಷ ಇದ್ರಲ್ಲಿ ಮಲಗಿಸಿ ನೋಡಮ್ಮ, ನನ್ನ ಮಗಳು ಚಿಕ್ಕವಳಿದ್ದಾಗ ಲಾರಿ ಟ್ಯೂಬಲ್ಲೇ ಮಲಗ್ತಿದ್ದಿದ್ದು’ ಎಂದರು. ಮಲಗಿಸಿದೆ. ಗಾಳಿ ತುಂಬಿದ ದೋಣಿಯ ತಳ ಒಮ್ಮೆ ಮೆಲ್ಲಗೆ ತೂಗಿತು. ತೊಟ್ಟಿಲು, ಜೋಲಿ, ಹೆಗಲು, ತೊಡೆ, ಸ್ಕೂಟರ್ ಸವಾರಿ, ಮಿಕ್ಸಿಯ ಸದ್ದು ಯಾವುದಕ್ಕೂ ಬಗ್ಗದ ನನ್ನ ಮಗಳು ಕೈಕಾಲು ಚೆಲ್ಲಿ, ಬಾಯಿ ತೆರೆದು, ಒಂದು ಸುತ್ತೂ ತಿರುಗದೆ ನಿದ್ದೆ ಹೋದಳು. ನಾನು ದೋಣಿಯ ಅಂಚಿಗೆ ತಲೆಯಾನಿಸಿದ್ದಷ್ಟೇ ನೆನಪು. ಎಚ್ಚರವಾದಾಗ ಬಿಸಿಲು ಬೀದಿಯ ಆ ಕಡೆಗೆ ಹೋಗಿತ್ತು, ಯಾರೋ ನನ್ನ ಮೇಲೊಂದು ಜೀವರಕ್ಷಕ ಅಂಗಿ ಹೊದಿಸಿದ್ದರು. ಮಹಾಶಯರೇ, ತಮ್ಮ ತಪ್ಪಿನಿಂದ ನನಗೆ ಸಿಕ್ಕ ಆ ನಿದ್ದೆಯ ಋಣವನ್ನು ನಾನು ಜನ್ಮದಲ್ಲಿ ಮರೆಯಲಾರೆ. ಆದ್ದರಿಂದ ಮುಂದಿನ ಮಾತನ್ನು ಎಷ್ಟು ಸಂಕಟದಿಂದ ಬರೆಯುತ್ತಿದ್ದೇನೆಂದು ತಾವು ಅರ್ಥಮಾಡಿಕೊಳ್ಳಬೇಕು. ಆ ದೋಣಿ ನಮಗೆ ಬೇಡ. ಅದನ್ನು ಬೇಕಾದ ಜಾಗಕ್ಕೆ ಕಳಿಸಿಕೊಡಿ.

ಬೇಕಾದ ಜಾಗ ದಿಬ್ಬದ ಬುಡದಲ್ಲಿದೆ. ಅಲ್ಲಿ ಚರಂಡಿಯ ಪಕ್ಕದ ತಗ್ಗಿನ ಓಣಿಯಲ್ಲಿ ಒಂದು ಶಿಶುವಿಹಾರವಿದೆ. ಅದನ್ನು ನಡೆಸುವವರನ್ನು ಮಕ್ಕಳೂ ಮಕ್ಕಳ ಅಪ್ಪ ಅಮ್ಮಂದಿರೂ ದೊಡ್ಡಮ್ಮ ಎಂದೇ ಕರೆಯುತ್ತಾರೆ. ಇನ್ನೂ ಅಂಬೆಗಾಲಿಡುವ ಕೂಸುಗಳನ್ನು ಸೇರಿಸಿಕೊಳ್ಳುವ ಜಾಗ ಊರಿಗೆ ಅದೊಂದೇ. ನನ್ನ ರಜೆ ಮುಗಿಯುತ್ತಾ ಬಂದಿದೆ, ಬುಗುರಿಯನ್ನು ಅಲ್ಲಿ ಬಿಟ್ಟೇ ನಾನು ಕೆಲಸಕ್ಕೆ ಹೋಗಬೇಕು. ಕಳೆದ ಮಳೆಗಾಲದಲ್ಲಿ ಚರಂಡಿ ಉಕ್ಕಿ, ಆ ಶಿಶುವಿಹಾರದ ಪುಟ್ಟ ಕುರ್ಚಿಗಳು ಮುಳುಗುವಷ್ಟು ನೀರು ನುಗ್ಗಿತ್ತು. ದೊಡ್ಡಮ್ಮ ಮಕ್ಕಳನ್ನೆಲ್ಲ ಮೇಜಿನ ಮೇಲೆ ಹತ್ತಿಸಿ, ಇದು ಹಡಗಿನ ಆಟ ಎಂದು ಹೇಳಿ, ತಾವು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಹಡಗಿನ ಹಾರ್ನ್ ಹೊಡೆಯುತ್ತಾ ಸಂಜೆಯವರೆಗೆ ಆಡಿಸಿದ್ದರು. ಮಕ್ಕಳು ಮಾರನೆಯ ದಿನವೂ ಅದೇ ಆಟ ಬೇಕೆಂದು ಹಟ ಮಾಡಿದವಂತೆ. ದೊಡ್ಡಮ್ಮ ಮಾತ್ರ ಅಂದಿನಿಂದ ಮೋಡ ಕಂಡರೆ ಮೊದಲು ಮೇಜುಗಳನ್ನು ಎಣಿಸುತ್ತಾರೆ.

ಆ ಶಿಶುವಿಹಾರದ ತಗಡಿನ ಮಾಡಿನ ಮೇಲೆ ದೊಡ್ಡಮ್ಮ ಸೋರೆ ಬಳ್ಳಿ ಹಬ್ಬಿಸಿದ್ದಾರೆ. ಮಾಡು ಕಾಯುವುದಿಲ್ಲ, ಮಕ್ಕಳಿಗೆ ತಂಪು. ಕ್ಯಾಪ್ಟನ್ ಬಳಿಯಿದ್ದ ನಕ್ಷೆಯಲ್ಲಿ ನೋಡಿದೆ, ತಮಗೆ ಕಂಡದ್ದು ಏನು? ‘ಕೃಷಿ ಭೂಮಿ. ಬೆಳೆ ಆರೋಗ್ಯಕರವಾಗಿದೆ. ಜನವಸತಿ ಇಲ್ಲ.’ ಬೆಳೆ ಆರೋಗ್ಯಕರವಾಗಿದೆ ಎಂಬುದಕ್ಕೆ ನಮ್ಮ ತಕರಾರಿಲ್ಲ, ಆ ಬೆಳೆ ಎಲೆಗಳ ಕೆಳಗೆ ಕೂತು ಗಂಜಿ ಉಗುಳುತ್ತಿರುತ್ತದೆ. ತಕರಾರಿರುವುದು ಜನವಸತಿ ಇಲ್ಲ ಎಂಬ ಎರಡು ಶಬ್ದಗಳಿಗೆ. ಜನವಸತಿ ಇಲ್ಲದಲ್ಲಿಗೆ ಸೈರನ್ ಇಲ್ಲ, ಪಂಪಿಲ್ಲ, ದೋಣಿಯಿಲ್ಲ. ನೀರಿಲ್ಲದ ಕೆರೆಯ ದಡದಲ್ಲಿ, ಅಂದರೆ ನನ್ನ ಮನೆಯ ಗೇಟಿನಲ್ಲಿ, ಎಲ್ಲವೂ ಇದೆ.

ನಾನು ಕಚೇರಿಗೆ ಹೋದೆ. ಎದೆಗೆ ಬುಗುರಿಯನ್ನು ಕಟ್ಟಿಕೊಂಡು, ಎರಡು ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಹೋದೆ (ಅಲ್ಲಿಗೆ ತಲುಪಿದ ಮೇಲೆ ಗೊತ್ತಾಯಿತು). ನಕ್ಷೆಯ ವಿಭಾಗದಲ್ಲಿದ್ದವರು ಬಹಳ ಸಭ್ಯ ಮನುಷ್ಯ. ಕುರ್ಚಿ ಕೊಟ್ಟರು, ಮಗುವಿಗೆ ಫ್ಯಾನ್ ತಿರುಗಿಸಿದರು, ಪರದೆಯ ಮೇಲೆ ನನ್ನ ಮನೆಯನ್ನು ತೋರಿಸಿ ‘ನೋಡಿ ಮೇಡಂ, ಎಷ್ಟು ಸ್ವಚ್ಛವಾದ ನೀರು’ ಎಂದು ಹೆಮ್ಮೆಪಟ್ಟರು. ಅದು ನನ್ನ ತಾರಸಿ ಎಂದೆ. ‘ನೀವು ಕೆಳಗಿಂದ ನೋಡ್ತಿದ್ದೀರಿ ಮೇಡಂ, ಅದಕ್ಕೆ ಹಾಗೆ ಅನ್ಸುತ್ತೆ’ ಎಂದರು. ಒಮ್ಮೆ ಬಂದು ನೋಡಬಾರದೇ ಎಂದು ಕೇಳಿದ್ದಕ್ಕೆ, ಆಳ ಗೊತ್ತಿಲ್ಲದ ಕೆರೆಗೆ ಸಿಬ್ಬಂದಿ ಇಳಿಯಲು ಸುರಕ್ಷತಾ ನಿಯಮ ಬಿಡುವುದಿಲ್ಲ ಎಂದರು. ಆಗ ಶಿಶುವಿಹಾರದ ಕಥೆ ಹೇಳಿದೆ. ಮುಳುಗಿದ ಕುರ್ಚಿಗಳ ಮಾತು ಬಂದಾಗ ಆತನ ಮುಖ ಸಣ್ಣದಾಯಿತು. ಪರದೆಯ ಮೇಲಿನ ಹಸಿರು ಚೌಕವನ್ನು ಹಿಗ್ಗಿಸಿ, ಮತ್ತೆ ಹಿಗ್ಗಿಸಿ, ಅದರಲ್ಲಿ ಮಕ್ಕಳನ್ನು ಹುಡುಕುವವರಂತೆ ನೋಡಿದರು. ‘ನನ್ನ ಕೈಲಿ ತಿದ್ದೋ ಅಧಿಕಾರ ಇಲ್ಲ ಮೇಡಂ. ಚಿತ್ರ ಬದಲಾದ್ರೆ ನಕ್ಷೆ ತಾನೇ ಬದಲಾಗುತ್ತೆ. ಮಳೆ ಮೋಡ ಕವಿಯೋದಕ್ಕೆ ಮುಂಚೆ ಇನ್ನೊಂದೇ ಸಲ ಉಪಗ್ರಹ ಈ ಕಡೆ ಬರೋದು. ಆಮೇಲೆ ಮಳೆಗಾಲ ಪೂರ್ತಿ ಇದೇ ನಕ್ಷೆ’ ಎಂದರು. ನಾನು ಎದ್ದೆ. ಬಾಗಿಲವರೆಗೆ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ, ‘ಚಿತ್ರ ಬದಲಾದ್ರೆ, ಮೇಡಂ’ ಎಂದು ಮತ್ತೊಮ್ಮೆ ಹೇಳಿದರು.

ನಿದ್ದೆಯಿಲ್ಲದ ತಲೆಗೆ ಎಲ್ಲವೂ ತಡವಾಗಿ ಹೊಳೆಯುತ್ತದೆ. ನನಗೆ ಹೊಳೆದದ್ದು ನ್ಯಾಪಿ ಮಡಿಸುವಾಗ. ಹೊಳೆದ ಕೂಡಲೇ ಎಷ್ಟು ಜೋರಾಗಿ ನಕ್ಕೆನೆಂದರೆ, ನನ್ನ ಗಂಡ ಓಡಿ ಬಂದು ನನ್ನ ಹಣೆ ಮುಟ್ಟಿ ನೋಡಿದರು. ನಮ್ಮ ಟಾರ್ಪಾಲು ತೆಗೆದರೆ ಮಾತ್ರ ಸಾಲದು, ಕೆರೆ ಬತ್ತೀತು, ಆದರೆ ಶಿಶುವಿಹಾರ ಹೊಲವಾಗಿಯೇ ಉಳಿದೀತು. ತಮಗೆ ಅರ್ಥವಾಗುವುದು ಒಂದೇ ಭಾಷೆ, ಬಣ್ಣದ್ದು. ಅಲ್ಲಿ ನೀರು ಬರುತ್ತದೆ ಎಂಬ ಸತ್ಯವನ್ನು ತಮ್ಮ ಭಾಷೆಯಲ್ಲೇ ಬರೆದು ಹಾಸಬೇಕು.

ಅತ್ತೆಗೆ ಹೇಳಿದೆ. ಸೋರುವ ಮೂಲೆ ಸರಿಯಾಗಿ ಅವರ ಮಂಚದ ಮೇಲೇ ಇದೆ, ಟಾರ್ಪಾಲು ಅವರ ಸ್ವಂತ ಯೋಜನೆ, ಬಣ್ಣ ಅವರ ಆಯ್ಕೆ. ಅವರು ಒಮ್ಮೆ ಮಂಚದ ಮೇಲಿನ ಸೂರನ್ನು ನೋಡಿದರು. ಆಮೇಲೆ, ‘ಮನೆಯೊಳಗೆ ಬಕೆಟ್ ಇಟ್ಕೋಬಹುದು ಕಣೇ, ಮಗೂನ ಬಕೆಟ್‌ನಲ್ಲಿ ಇಡೋಕಾಗುತ್ತಾ?’ ಎಂದು ಎದ್ದು, ಸೆರಗು ಸಿಕ್ಕಿಸಿ, ಬೀದಿಯ ಬಾಗಿಲುಗಳನ್ನು ಬಡಿಯಲು ಹೊರಟರು.

ನಿನ್ನೆ ಭಾನುವಾರ. ತಾವು ಬೇರೆ ಯಾವುದೋ ದೇಶದ ಮೇಲಿದ್ದಿರಿ, ಅದೃಷ್ಟ ತಮ್ಮದಲ್ಲ. ಇಡೀ ಬೀದಿ ತನ್ನ ಕೆರೆಯನ್ನು ಮಡಿಸಿ, ಸುರುಳಿ ಸುತ್ತಿ, ಹೆಗಲ ಮೇಲೆ ಹೊತ್ತು ದಿಬ್ಬ ಇಳಿಯಿತು. ಕೆರೆಯೊಂದು ಇಷ್ಟು ಶಿಸ್ತಾಗಿ ನಡೆದು ಹೋದದ್ದನ್ನು ಯಾವ ಉಪಗ್ರಹವೂ ನೋಡಿರಲಾರದು. ದೊಡ್ಡಮ್ಮ ಮೊದಲು ಗೊಣಗಿದರು, ‘ನಿಮ್ಮ ಪ್ಲಾಸ್ಟಿಕ್ಕಿಗೆ ನನ್ನ ಬಳ್ಳಿ ಉಸಿರುಕಟ್ಟಿ ಸಾಯುತ್ತೆ’ ಎಂದರು, ಆಮೇಲೆ ತಾವೇ ಏಣಿ ಹತ್ತಿ ಬಳ್ಳಿಯನ್ನು ಕೂಸಿನ ಹಾಗೆ ಎತ್ತಿ ಕಾಂಪೌಂಡ್ ಗೋಡೆಗೆ ಹಬ್ಬಿಸಿ, ಬಲಿತ ಸೋರೆಕಾಯಿಗಳನ್ನು ಬಂದವರಿಗೆಲ್ಲ ಹಂಚಿದರು. ಮಾಡು, ಅಂಗಳ, ಪಕ್ಕದ ಖಾಲಿ ಜಾಗ ಎಲ್ಲವೂ ಈಗ ನೀಲಿ. ನನ್ನ ಗಂಡ ಮಾಡಿನ ಮೇಲೆ ನಿಂತು ಹಗ್ಗ ಬಿಗಿಯುತ್ತಾ, ಸಾಕ್ಷ್ಯ ಗಟ್ಟಿಯಾಗಿರಲಿ ಎಂದು ಬುಗುರಿಯ ನ್ಯಾಪಿಗಳನ್ನೂ ಅಲ್ಲಲ್ಲಿ ಕಲ್ಲಿಟ್ಟು ಹರಡಿದರು. ಎಂಟು ತಿಂಗಳಲ್ಲಿ ಅವರು ತಾವಾಗಿಯೇ ನ್ಯಾಪಿ ಹರಡಿದ್ದು ಇದೇ ಮೊದಲು. ಇದನ್ನು ತಾವು ಅಪರೂಪದ ನೈಸರ್ಗಿಕ ವಿದ್ಯಮಾನವೆಂದು ದಾಖಲಿಸಬಹುದು.

ಆದ್ದರಿಂದ ಮಾನ್ಯರಲ್ಲಿ ನನ್ನ ಮುಖ್ಯ ಬೇಡಿಕೆ ಒಂದೇ. ನಾಳೆ ಬೆಳಿಗ್ಗೆ ತಾವು ಈ ಕಡೆ ಹಾಯುವಾಗ ದಯವಿಟ್ಟು ಕಣ್ಣು ಮಿಟುಕಿಸಬೇಡಿ. ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದೀರಿ ಎಂದು ತಿಳಿಯಿರಿ. ಗದ್ದವನ್ನು ಪಟ್ಟಿಯ ಮೇಲಿಡಿ, ನೇರ ಕೆಳಗೆ ನೋಡಿ, ಕೊನೆಯ ಸಾಲು ಓದಿ. ಅಲ್ಲಿ ಮಕ್ಕಳಿದ್ದಾರೆ.

ಉಳಿದವು ಸಣ್ಣಪುಟ್ಟ ಕೋರಿಕೆಗಳು, ಪುರುಸೊತ್ತಾದಾಗ ನಡೆಸಿಕೊಟ್ಟರೆ ಸಾಕು. ಸಾಗರಗಳ ಜ್ವರವನ್ನು ಅಳೆಯುವ ತಾವು ಬುಗುರಿಯದ್ದನ್ನೂ ಅಳೆಯಬಹುದೇ, ಥರ್ಮಾಮೀಟರ್ ಕಂಡರೆ ಅವಳು ಕಚ್ಚುತ್ತಾಳೆ. ಭೂಮಿಯೊಳಗೆ ನಡೆಯುವ ಸೂಕ್ಷ್ಮ ಚಲನೆ ತಮಗೆ ತಿಳಿಯುತ್ತದಂತೆ, ಅವಳ ಕೆಳದವಡೆಯ ಹಲ್ಲು ಯಾವ ಕಡೆಯಿಂದ ಮೇಲೇಳಲಿದೆ ಎಂದು ಮುನ್ಸೂಚನೆ ಕೊಡಿ. ಅವಳ ಎಡಗಾಲಿನ ಹಳದಿ ಕಾಲುಚೀಲ ಎಲ್ಲಿದೆ? ಕಾಡಿನ ಒಂದು ಮರ ಬಿದ್ದರೂ ಪತ್ತೆ ಹಚ್ಚುವವರಿಗೆ ಇದೇನು ಮಹಾ. ಕೊನೆಯದಾಗಿ, ಸಾಧ್ಯವಾದರೆ, ನಮ್ಮ ಮನೆಯ ಮೇಲೆ ಹಾಯುವಾಗ ತುದಿಗಾಲಲ್ಲಿ ಹಾಯಿರಿ.

ತಮ್ಮ ದೃಷ್ಟಿ ನೂರ್ಕಾಲ ತೀಕ್ಷ್ಣವಾಗಿರಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಕೆರೆಯಿಲ್ಲದ ಕೆರೆಯ ತಳದಿಂದ,
ಬುಗುರಿಯ ಅಮ್ಮ

ತಾ.ಕ.: ತಮ್ಮ ವಿಳಾಸಕ್ಕೆ ಪಿನ್‌ಕೋಡ್ ಸಿಗದೆ ಪತ್ರ ಮೇಜಿನ ಮೇಲೇ ಉಳಿದಿತ್ತು, ಅಷ್ಟರಲ್ಲಿ ತಾವು ಬಂದು ಹೋದಿರಿ. ತುಂಬ ಉಪಕಾರವಾಯಿತು. ಮೊನ್ನೆ ಸೈರನ್ ಮೊದಲ ಬಾರಿಗೆ ತಗ್ಗಿನ ಓಣಿಯಲ್ಲಿ ಅರಚಿತು. ಹೊಸ ಆರ್ಡರ್ ಹಿಡಿದು ಕ್ಯಾಪ್ಟನ್ ಗೇಟಿಗೆ ಬಂದಾಗ ಬುಗುರಿ ದೋಣಿಯಲ್ಲಿ ನಿದ್ದೆಯಲ್ಲಿದ್ದಳು. ಅವರು ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು, ‘ಎಬ್ಬಿಸಬೇಡಮ್ಮ, ಹೇಗಿದ್ರೂ ಅಲ್ಲಿಗೇ ತಾನೇ ಬರೋಳು’ ಎಂದು ದೋಣಿಯನ್ನು ಮಗುವಿನ ಸಮೇತ ಎತ್ತಿಸಿದರು. ಕಿತ್ತಳೆ ಅಂಗಿಯವರ ಹೆಗಲ ಮೇಲೆ ದೋಣಿ, ದೋಣಿಯಲ್ಲಿ ನನ್ನ ಮಗಳು, ಹಿಂದೆ ಪಂಪು, ಮುಂದೆ ‘ದಾರಿ ಬಿಡ್ರಪ್ಪ, ಸದ್ದು ಮಾಡಬೇಡಿ’ ಎಂದು ಎಲ್ಲರಿಗಿಂತ ಹೆಚ್ಚು ಸದ್ದು ಮಾಡುತ್ತಾ ನಮ್ಮತ್ತೆ. ದಿಬ್ಬದ ಬುಡ ತಲುಪುವವರೆಗೂ ಅವಳು ಒಂದು ಸುತ್ತೂ ತಿರುಗಲಿಲ್ಲ. ದೋಣಿ ಈಗ ಶಿಶುವಿಹಾರದ ಜಗಲಿಯಲ್ಲಿದೆ. ನಾಳೆಯಿಂದ ನಾನು ಕೆಲಸಕ್ಕೆ.

ಮತ್ತೂ ತಾ.ಕ.: ಇವತ್ತು ಕಚೇರಿಯಿಂದ ನಮ್ಮ ಬೀದಿಗೆ ನೋಟಿಸು ಬಂದಿದೆ. ದಿಬ್ಬದ ಮೇಲೆ ಇದ್ದ ಕೆರೆಯೊಂದು ಏಕಾಏಕಿ ಮಾಯವಾಗಿ, ಅದರ ಜಾಗದಲ್ಲಿ ರಾತ್ರೋರಾತ್ರಿ ಮನೆಗಳು ಎದ್ದಿರುವುದು ತಮ್ಮ ಚಿತ್ರದಲ್ಲಿ ಕಂಡಿದೆಯಂತೆ, ಕೆರೆ ನುಂಗಿದವರು ಯಾರೆಂದು ನಾವು ವಿವರಣೆ ಕೊಡಬೇಕಂತೆ. ರಾತ್ರೋರಾತ್ರಿ ಕಟ್ಟುವವನಾಗಿದ್ದರೆ ಆ ಮೇಸ್ತ್ರಿ ಅಷ್ಟು ವರ್ಷ ಯಾಕೆ ಎಳೆದಾಡುತ್ತಿದ್ದ ಎಂದು ಅತ್ತೆ ಉತ್ತರ ಬರೆಸುತ್ತಿದ್ದಾರೆ. ಜಲಪಕ್ಷಿಗಳ ಬಗ್ಗೆಯೂ ಕೇಳಿದ್ದಾರೆ. ಅವು ಕೆಳಗಿನ ಕೆರೆಗೆ ವಲಸೆ ಹೋಗಿವೆ. ಮಗುವಿನ ಹೊಟ್ಟೆ ಸರಿಹೋಗಿರುವುದರಿಂದ ಸಂಖ್ಯೆ ಇಳಿದಿದೆ. ದಯವಿಟ್ಟು ಅದನ್ನು ಹವಾಮಾನ ಬದಲಾವಣೆ ಎಂದು ಬರೆದುಕೊಳ್ಳಬೇಡಿ.